ಮಾಡೆಲ್ ಮುಂಡಪ್ಪ ಮತ್ತು ಮೂರನೇ ವರ್ಷದ ಗಾಡಿ

ಲಾಯಿಲದ ಮುಂಡಪ್ಪ ಶೆಟ್ಟರಿಗೆ ಎದುರು ಸಿಕ್ಕಿದವರ ಕ್ಷೇಮ ವಿಚಾರಿಸುವ ಅಭ್ಯಾಸವಿರಲಿಲ್ಲ. "ಎಷ್ಟನೇ ಮಾಡೆಲ್?" ಎಂದೇ ಅವರ ಮಾತು ಶುರುವಾಗುತ್ತಿತ್ತು. ಗಾಡಿಯ ಬಗ್ಗೆ ಕೇಳಿದರೆ ಸರಿ. ಅವರು ಫ್ರಿಜ್ಜು, ಪಂಪ್‌ಸೆಟ್ಟು, ಕರು ಹಾಕಿದ ದನ, ಯಾವುದನ್ನೂ ಬಿಡುವವರಲ್ಲ. ಒಮ್ಮೆ ಗುರುವಾಯನಕೆರೆಯ ಮದುವೆಯೊಂದರಲ್ಲಿ ಮದುಮಗನ ತಂದೆಯ ಹತ್ತಿರವೇ "ಹುಡುಗ ಎಷ್ಟನೇ ಮಾಡೆಲ್?" ಎಂದು ಕೇಳಿದ್ದರು. ಆ ಮನುಷ್ಯ ಊಟ ಮುಗಿಯುವ ತನಕ ಮುಖ ಊದಿಸಿಕೊಂಡೇ ಇದ್ದರಂತೆ. ಹೀಗೆ ಊರಲ್ಲಿ ಅವರಿಗೆ ಮಾಡೆಲ್ ಮುಂಡಪ್ಪ ಎಂಬ ಹೆಸರು ಬಿತ್ತು. ಬೇರೆಯವರಾದರೆ ಸಿಟ್ಟಾಗುತ್ತಿದ್ದರು. ಶೆಟ್ಟರು ಅದನ್ನು ಬಿರುದೆಂದು ತಿಳಿದರು.

ಇಷ್ಟು ದೊಡ್ಡ ಬಿರುದಿನವರ ಸ್ವಂತ ವಾಹನ ಒಂದು ಹಳೇ ಸ್ಕೂಟರು. ಅದನ್ನು ಎಡಕ್ಕೆ ವಾಲಿಸಿ, ಒದ್ದು, ಬೈದು, ಮತ್ತೆ ಒದ್ದರೆ ಮಾತ್ರ ಶುರುವಾಗುತ್ತಿತ್ತು. ಆದರೆ ಜ್ಞಾನಕ್ಕೂ ಸ್ಕೂಟರಿಗೂ ಏನು ಸಂಬಂಧ? ಶೆಟ್ಟರು ಮುಂಬಯಿಯಲ್ಲಿ ಸಂಬಂಧಿಕರ ಕ್ಯಾಂಟೀನಿನ ಗಲ್ಲಾದಲ್ಲಿ ಅರ್ಧ ಆಯುಷ್ಯ ಕೂತವರು. ರಸ್ತೆಯ ಆಚೆ ಬದಿಯಲ್ಲಿ ಫಾರಿನ್ ಕಾರುಗಳ ಶೋರೂಮು. ಗಿರಾಕಿಗಳಿಗೆ ಚಿಲ್ಲರೆ ಕೊಡುತ್ತ ಕೊಡುತ್ತ ಗಾಜಿನೊಳಗಿನ ಕಾರುಗಳನ್ನು ನೋಡಿ ಬಂದ ವಿದ್ಯೆ ಅದು. ಉಳಿದದ್ದನ್ನು ಊರಿಗೆ ಬಂದ ಮೇಲೆ ಮೊಬೈಲು ಕಲಿಸಿತು. ಹನೀಫಾನ ಟಯರ್ ಅಂಗಡಿಯ ಬೆಂಚಿನಲ್ಲಿ ಕೂತು, ವಿಡಿಯೋಗಳನ್ನು ಇಡೀ ರಸ್ತೆಗೆ ಕೇಳುವ ಹಾಗೆ ಹಾಕಿ, ಜಗತ್ತಿನ ಯಾವ ಕಂಪನಿ ಯಾವ ವರ್ಷ ಏನು ತಪ್ಪು ಮಾಡಿತು ಎಂಬುದನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದರು. ಪಂಕ್ಚರಾದ ಚಕ್ರ ಬದಲಿಸುವುದೊಂದು ಮಾತ್ರ ಅವರಿಗೆ ಬರುತ್ತಿರಲಿಲ್ಲ.

ಶೆಟ್ಟರದ್ದು ಎರಡು ಸಿದ್ಧಾಂತ.

"ಮೊದಲ ದೋಸೆ ಕಾವಲಿಗೆ ಅಂಟ್ತದೆ, ಎರಡನೇದು ಹರೀತದೆ, ಮೂರನೇದು ಮನುಷ್ಯ ತಿನ್ನುವಂಥದ್ದು. ಕಾರೂ ಹಾಗೆಯೇ. ಹೊಸ ಮಾಡೆಲ್ ಬಂದ ಮೊದಲ ವರ್ಷದ್ದನ್ನು ಮುಟ್ಟಬಾರದು. ಮೂರನೇ ವರ್ಷದ್ದಕ್ಕೆ ಕಣ್ಣು ಮುಚ್ಚಿ ಕೈ ಹಾಕಬಹುದು." ಇದು ಒಂದನೆಯದು.

"ಕರಾವಳಿಯ ಗಾಡಿ ಅಂದ್ರೆ ಉಪ್ಪಿಗೆ ಹಾಕಿದ ಹಲಸಿನ ಸೊಳೆ. ಮೇಲಿಂದ ಚಂದ, ಅಡಿಯಲ್ಲಿ ತುಕ್ಕು. ತೆಗೆಯುವುದಾದ್ರೆ ಘಟ್ಟದ ಮೇಲಿನ ಗಾಡಿಯೇ ತೆಗೀಬೇಕು. ಅವಕ್ಕೆ ನೀರು ಅಂದ್ರೆ ಏನಂತ ಗೊತ್ತಿಲ್ಲ." ಇದು ಎರಡನೆಯದು.

ಎರಡರಲ್ಲೂ ಸತ್ಯ ಇಲ್ಲದಿಲ್ಲ. ತೊಂದರೆ ಏನೆಂದರೆ, ಅರ್ಧ ಸತ್ಯ ಕೈಗೆ ಸಿಕ್ಕಿದವನು ಉಳಿದರ್ಧವನ್ನು ಹುಡುಕಿಕೊಂಡು ಹೋಗುವುದಿಲ್ಲ. ಶೆಟ್ಟರ ಮಾತು ಕೇಳಿ ಊರಿನ ಕೆಲವರು ಹಳೇ ಕಾರು ಕೊಂಡಿದ್ದರು. ಚೆನ್ನಾಗಿ ಓಡಿದ ಕಾರುಗಳೆಲ್ಲ ಶೆಟ್ಟರು ಆರಿಸಿದವು. ಕೆಟ್ಟು ನಿಂತವೆಲ್ಲ ಓಡಿಸಲು ಬಾರದವರ ಕೈಗೆ ಸಿಕ್ಕಿದವು. ಲೆಕ್ಕ ಹೀಗಿದ್ದುದರಿಂದ ಅವರ ಹೆಸರಿಗೆ ಕುಂದು ಬಂದಿರಲಿಲ್ಲ.

ಅವರ ತಂಗಿ ಕಾಂತಿ ಬಂಟ್ವಾಳ ಪೇಟೆಯಲ್ಲಿ, ಶೆಟ್ಟರೂ ಹುಟ್ಟಿ ಬೆಳೆದ, ನೇತ್ರಾವತಿಯ ಬದಿಯ ಮನೆಯಲ್ಲಿದ್ದಾಳೆ. ಅವಳ ಮಗ ಶ್ರವಣ್ ಅಬುಧಾಬಿಯಲ್ಲಿ. ಅಪ್ಪ ಬೇಗ ತೀರಿಕೊಂಡದ್ದರಿಂದ ಹುಡುಗನ ಶಾಲೆ, ಪಾಸ್‌ಪೋರ್ಟು, ಕೊನೆಗೆ ಬೆಳುವಾಯಿಯ ನವ್ಯಾಳ ಸಂಬಂಧ, ಎಲ್ಲಕ್ಕೂ ಮುಂದೆ ನಿಂತವರು ಮುಂಡಪ್ಪ ಶೆಟ್ಟರೇ. ತಾಯಿಯ ಕಡೆಯಿಂದ ವಂಶ ನಡೆಯುವ ಅಳಿಯಕಟ್ಟಿನ ಮನೆ, ಸೋದರಮಾವ ಒಂದು ಮಾತು ಹೇಳಿದ ಮೇಲೆ ಎರಡನೇ ಮಾತಿಲ್ಲ. ನಿಜ ಹೇಳಬೇಕೆಂದರೆ, ಶೆಟ್ಟರ ಮಾತನ್ನು ತುಟಿಪಿಟಕ್ಕೆನ್ನದೆ ಕೇಳುವವನು ಜಗತ್ತಿನಲ್ಲಿ ಆ ಹುಡುಗನೊಬ್ಬನೇ ಇದ್ದ.

ನಿಶ್ಚಿತಾರ್ಥದ ದಿನ ಗೊತ್ತಾದ ಮೇಲೆ ಶ್ರವಣ್ ಫೋನು ಮಾಡಿದ.

"ಮಾವ, ನನಗೆ ಸಣ್ಣಂದಿನಿಂದ ಒಂದು ಆಸೆ ಉಂಟು. ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರು. ಹೊಸತು ನಮ್ಮಿಂದ ಆಗುವುದಿಲ್ಲ. ಸೆಕೆಂಡ್‌ ಹ್ಯಾಂಡ್ ಒಳ್ಳೇದು ಸಿಕ್ಕಿದ್ರೆ ನಿಶ್ಚಿತಾರ್ಥಕ್ಕೆ ಅದರಲ್ಲೇ ಮೂಡುಬಿದಿರೆಗೆ ಹೋಗುವ ಅಂತ. ನೀವು ನೋಡಿ ಹೇಳಿದ್ರೆ ಸಾಕು."

ಆರು ಜನರ ಕೋಣೆಯಲ್ಲಿ ಮೇಲಿನ ಮಂಚದಲ್ಲಿ ಮಲಗಿ, ಹಬ್ಬಕ್ಕೂ ಊರಿಗೆ ಬಾರದೆ ಅವನು ಕೂಡಿಟ್ಟ ಹಣ ಅದು. ಅದನ್ನೆಲ್ಲ ಮಾವನ ಒಂದು ಮಾತಿನ ಮೇಲೆ ಇಡಲು ಹೊರಟಿದ್ದ. ಶೆಟ್ಟರ ಎದೆ ಉಬ್ಬಿತು. ಇಷ್ಟು ವರ್ಷ ಮಾರುತಿ ಕಾರುಗಳಿಗೆ ವ್ಯರ್ಥವಾದ ವಿದ್ಯೆಗೆ ಕೊನೆಗೂ ಒಂದು ಯೋಗ್ಯ ಗಾಡಿ ಸಿಕ್ಕಿತ್ತು.

ಮೊದಲು ಸಿಕ್ಕಿದ್ದು ಮೂಡುಬಿದಿರೆಯಲ್ಲೇ. ಅಲ್ಲಿನ ಒಬ್ಬ ಡಾಕ್ಟರರ ಬಿಳಿ ಜರ್ಮನ್ ಕಾರು. ಒಬ್ಬರೇ ಮಾಲಕರು, ಭಾನುವಾರ ಮಾತ್ರ ಹೊರಗೆ ತೆಗೆಯುತ್ತಿದ್ದರು. ಶೆಟ್ಟರ ಜೊತೆ ಹೋದ ಹನೀಫಾ ಒಂದು ಸುತ್ತು ಓಡಿಸಿ ಬಂದು, "ಶೆಟ್ರೇ, ಇದು ಭಾರೀ ಒಳ್ಳೇದುಂಟು" ಎಂದ. ಶೆಟ್ಟರು ಬಾನೆಟ್ಟನ್ನೂ ಎತ್ತಿಸಲಿಲ್ಲ.

"ಎಷ್ಟನೇ ಮಾಡೆಲ್?"

"ಎರಡು ಸಾವಿರದ ಹದಿನಾರು," ಎಂದರು ಡಾಕ್ಟರು.

"ಅದು ಈ ಮಾಡೆಲಿನ ಮೊದಲ ವರ್ಷ. ಗೇರಿನ ತೊಂದರೆ ಇದ್ದದ್ದು."

"ಹೌದು, ಇತ್ತು. ಕಂಪನಿಯವರೇ ಕರೆಸಿ ಬದಲಿಸಿ ಕೊಟ್ಟಿದ್ದಾರೆ. ಬಿಲ್ಲುಗಳೆಲ್ಲ ಇವೆ, ನೋಡಿ."

ಶೆಟ್ಟರು ನೋಡಲಿಲ್ಲ. ಕಾವಲಿಗೆ ಅಂಟಿದ ದೋಸೆಯನ್ನು ಕೆರೆದು ತೆಗೆದು ಬಡಿಸಿದರೆ ಅದು ಮೂರನೇ ದೋಸೆಯಾಗುತ್ತದೆಯೇ? ಸಾಲದ್ದಕ್ಕೆ ಕರಾವಳಿಯ ಗಾಡಿ. ಸಮುದ್ರ ಅಲ್ಲಿಂದ ಬಹಳ ದೂರ ಇದೆಯೆಂದು ಡಾಕ್ಟರು ಹೇಳಿದಾಗ, "ಗಾಳಿಗೆ ಅದು ಗೊತ್ತುಂಟಾ ಡಾಕ್ಟ್ರೇ?" ಎಂದು ಕೇಳಿ ಎದ್ದು ಬಂದರು.

ಸಿದ್ಧಾಂತಕ್ಕೆ ಸರಿಯಾದ ಗಾಡಿ ಸಿಕ್ಕಿದ್ದು ಬೆಂಗಳೂರಿನಲ್ಲಿ. ಅದೇ ಕಂಪನಿಯದ್ದು, ಅದೇ ಮಾಡೆಲ್, ಕೆಂಪು ಬಣ್ಣ, ಹದಿನೆಂಟರದ್ದು. ಮೂರನೇ ವರ್ಷ, ಘಟ್ಟದ ಮೇಲಿನದ್ದು. ಹನೀಫಾನನ್ನು ಕಟ್ಟಿಕೊಂಡು ಶೆಟ್ಟರು ಬಸ್ಸು ಹತ್ತಿದರು. ಹೊರಡುವ ಮೊದಲೇ ಲಾಯಿಲದಿಂದ ಬೆಳ್ತಂಗಡಿ ಪೇಟೆಯ ತನಕ, ಬೇಕಾದವರಿಗೂ ಬೇಡದವರಿಗೂ ಅಳಿಯನ ಗಾಡಿಯ ವರ್ಷ ಹೇಳಿಯಾಗಿತ್ತು.

ಹಳೇ ಕಾರುಗಳ ವ್ಯಾಪಾರಿ ಜಾಣ. ಬಂದವರು ಬಾಯಿ ತೆರೆದ ಕೂಡಲೇ ಅವನಿಗೆ ಅವರ ಕಾಯಿಲೆ ತಿಳಿಯಿತು.

"ಸರ್, ಬರೋರೆಲ್ಲ ಮೊದ್ಲು ರೇಟ್ ಕೇಳ್ತಾರೆ. ಇಯರ್ ಕೇಳಿದ್ದು ನೀವೊಬ್ರೇ. ನಿಮ್ಮಂಥವ್ರಿಗೆ ನಾನೇನು ಹೇಳ್ಲಿ? ನೀವೇ ನೋಡ್ಕೊಳ್ಳಿ."

ಶೆಟ್ಟರು ವಿಡಿಯೋ ಕಾಲಿನಲ್ಲಿ ಅಳಿಯನಿಗೆ ಗಾಡಿ ತೋರಿಸುತ್ತ ಬಾಗಿಲು ತೆರೆದು ಒಳಗೆ ಕೂತರು. ಕನ್ನಡಿಗೆ ಕಟ್ಟಿದ ಅತ್ತರಿನ ಶೀಶೆ ಒಂದು, ಎಸಿಯ ಬಾಯಲ್ಲಿ ಸಿಕ್ಕಿಸಿದ ನಿಂಬೆಯ ಪರಿಮಳದ್ದು ಇನ್ನೊಂದು. ಅವೆರಡರ ಅಡಿಯಿಂದ ಒಂದು ವಾಸನೆ ಮೆಲ್ಲಗೆ ಎದ್ದು ಬಂದು ಶೆಟ್ಟರ ಮೂಗಿಗೆ ತಾಗಿತು. ಅವರ ಕೈ ಸ್ಟೇರಿಂಗಿನ ಮೇಲೆಯೇ ನಿಂತಿತು.

ಅದು ನೆರೆಯ ವಾಸನೆ. ಬಂಟ್ವಾಳದಲ್ಲಿ ನದಿಯ ಬದಿ ಹುಟ್ಟಿ ಬೆಳೆದವರು ಅದನ್ನು ಮರೆಯುವ ಹಾಗಿಲ್ಲ. ನೇತ್ರಾವತಿ ಮನೆಯೊಳಗೆ ಬಂದು ಇಳಿದು ಹೋದ ಮೇಲೆ ಹಾಸಿಗೆ, ಚಾಪೆ, ಮರದ ಪೆಟ್ಟಿಗೆ, ಎಷ್ಟು ಬಿಸಿಲಿಗೆ ಹಾಕಿದರೂ ತಿಂಗಳುಗಟ್ಟಲೆ ಬಿಡದ ವಾಸನೆ. ಹುಡುಗನಾಗಿದ್ದಾಗ ಶೆಟ್ಟರು ಅದರಲ್ಲೇ ಮಲಗಿದ್ದರು. ಬೆಂಗಳೂರಿನ ದೊಡ್ಡ ಮಳೆಗೆ ಶ್ರೀಮಂತರ ಕಾರುಗಳು ತೇಲಿದ್ದನ್ನು ಟಯರ್ ಅಂಗಡಿಯ ಬೆಂಚಿನಲ್ಲಿ ಕೂತು ಮೊಬೈಲಿನಲ್ಲಿ ನೋಡಿ, ತೊಡೆ ತಟ್ಟಿ ನಕ್ಕವರೂ ಅವರೇ.

"ಶೆಟ್ರೇ, ಏನೋ ಒಂದು ನಮೂನೆ ವಾಸನೆ ಉಂಟಲ್ಲ?" ಎಂದ ಪಕ್ಕದಲ್ಲಿ ಕೂತ ಹನೀಫಾ.

ಬೇಡ ಎಂದು ಎದ್ದು ಬರಲು ಅಷ್ಟೇ ಸಾಕಿತ್ತು. ಆದರೆ ಎದ್ದು ಬಂದರೆ ಲಾಯಿಲದಲ್ಲಿ ಏನು ಹೇಳುವುದು? ಘಟ್ಟದ ಮೇಲಿನ ಗಾಡಿ ನೀರು ಕುಡಿದಿತ್ತು ಎಂದೇ? ಮೂಡುಬಿದಿರೆಯ ಮೊದಲ ದೋಸೆಯೇ ವಾಸಿಯಿತ್ತು ಎಂದೇ? ವ್ಯಾಪಾರಿ ಬೇರೆ ಬಾಗಿಲ ಬಳಿ ಕೈ ಕಟ್ಟಿ ಶಿಷ್ಯನ ಹಾಗೆ ನಿಂತಿದ್ದ.

"ಅದು ಜರ್ಮನ್ ಲೆದರಿನ ವಾಸನೆ ಮಾರಾಯ," ಎಂದರು ಶೆಟ್ಟರು. "ದಿನವಿಡೀ ಟಯರ್ ಮೂಸುವವನಿಗೆ ಅದೆಲ್ಲ ಗೊತ್ತಾಗ್ಲಿಕ್ಕಿಲ್ಲ." ಆಮೇಲೆ ಮೊಬೈಲಿನತ್ತ ತಿರುಗಿ, "ಮಗಾ, ಕಣ್ಣು ಮುಚ್ಚಿ ತೆಗೋ. ಮೂರನೇ ವರ್ಷದ್ದು," ಎಂದರು.

ಶ್ರವಣ್ ತೆಗೆದ.

ನಿಶ್ಚಿತಾರ್ಥದ ದಿನ ಬೆಳಿಗ್ಗೆ ಕೆಂಪು ಕಾರು ಬಂಟ್ವಾಳದಿಂದ ಹೊರಟಿತು. ಇರುವುದು ಎರಡೇ ಸೀಟು. ತಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಕೆಂದು ಹುಡುಗನಿಗೆ ಮನಸ್ಸಿತ್ತು. ಅಷ್ಟರಲ್ಲಿ ಶೆಟ್ಟರು ಜರಿ ಶಾಲು ಹೊದ್ದು ಒಳಗೆ ಕೂತಾಗಿತ್ತು. ಕಾಂತಿ ಹಿಂದಿನ ವ್ಯಾನು ಹತ್ತಿದಳು. ಅದನ್ನು ಬಿಡುತ್ತಿದ್ದವನು ಹನೀಫಾ. ಸಿದ್ಧಕಟ್ಟೆಯ ದಾರಿಯಲ್ಲಿ ಹಂಪು ಸಿಕ್ಕಿದಲ್ಲೆಲ್ಲ ಗಾಡಿಯ ಹೊಟ್ಟೆ ಕರಕರ ಎಂದು ಉಜ್ಜುತ್ತಿತ್ತು. ಪ್ರತಿ ಸಲವೂ ಶೆಟ್ಟರು, "ಅದು ಹಾಗೆಯೇ, ಸ್ಪೋರ್ಟ್ಸ್ ಅಲ್ವಾ," ಎನ್ನುತ್ತಿದ್ದರು.

ಮೂಡುಬಿದಿರೆ ಬಸ್ ಸ್ಟ್ಯಾಂಡಿನ ಎದುರು ಡ್ಯಾಶ್‌ಬೋರ್ಡಿನ ಅಷ್ಟೂ ದೀಪಗಳು ಒಮ್ಮೆಲೇ ಹತ್ತಿದವು. ಮತ್ತೆ ಅಷ್ಟೂ ಆರಿದವು. ಎಂಜಿನು ನಿಂತಿತು, ಎಸಿ ನಿಂತಿತು. ಗಾಜು ಇಳಿಯಲಿಲ್ಲ, ಬಾಗಿಲೂ ತೆರೆಯಲಿಲ್ಲ. ಆ ಗಾಡಿಯಲ್ಲಿ ಎಲ್ಲದಕ್ಕೂ ಕರೆಂಟೇ ಬೇಕು. ಹಿಂದಿನ ಬಸ್ಸುಗಳು ಹಾರ್ನು ಬಡಿದವು. ಕಾಲೇಜಿನ ಹುಡುಗ ಹುಡುಗಿಯರು ಸುತ್ತ ನೆರೆದು ಮೊಬೈಲು ಎತ್ತಿದರು. ಬಿಸಿಲಿಗೆ ಗಾಜಿನೊಳಗೆ ಮಾವ ಅಳಿಯ ಇಬ್ಬರೂ ಬೇಯತೊಡಗಿದರು. ಅತ್ತರು, ನಿಂಬೆ ಎಲ್ಲ ಸೋತು, ಆ ವಾಸನೆ ಯಾರ ಮುಲಾಜೂ ಇಲ್ಲದೆ ಎದ್ದಿತು.

"ಹೆದರ್ಬೇಡ. ಬಾಗಿಲು ತೆಗೆಯುವ ಹಗ್ಗ ಒಂದು ಉಂಟು, ನಿನ್ನ ಬದಿಯಲ್ಲಿ ಕಾರ್ಪೆಟಿನ ಅಡಿಗೆ. ಈ ಮೂರನೇ ವರ್ಷದ್ದರಿಂದಲೇ ಕೊಡ್ಲಿಕ್ಕೆ ಶುರು ಮಾಡಿದ್ದು," ಎಂದರು ಶೆಟ್ಟರು. ಮೊಬೈಲು ಕಲಿಸಿದ ವಿದ್ಯೆ ಸುಳ್ಳಾಗಲಿಲ್ಲ. ಶ್ರವಣ್ ಕಾರ್ಪೆಟಿನ ಮೂಲೆ ಕಿತ್ತಾಗ ಹಗ್ಗ ಇತ್ತು. ಅದರ ಸುತ್ತ ಒಣಗಿ ಬಿರುಕು ಬಿಟ್ಟ ಕಪ್ಪು ಕೆಸರೂ ಇತ್ತು, ಕೆಸರಿನಲ್ಲಿ ಒಂದು ಬಸವನಹುಳದ ಚಿಪ್ಪು.

ಹುಡುಗ ಹಗ್ಗ ಎಳೆಯಲಿಲ್ಲ. ಕೆಸರನ್ನು ಬೆರಳಿನಲ್ಲಿ ಒತ್ತಿ ಮೂಗಿನ ಹತ್ತಿರ ತಂದ. ಅವನೂ ಬಂಟ್ವಾಳದವನೇ.

"ಮಾವ, ಇದು ನೆರೆಯಲ್ಲಿ ಮುಳುಗಿದ ಗಾಡಿ."

"ಛೆ! ಬೆಂಗಳೂರಲ್ಲಿ ಎಲ್ಲಿಯ ನೆರೆ?"

"ನೀವು ನೋಡಿದ ದಿನ ವಾಸನೆ ಇರ್ಲಿಲ್ವಾ?"

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಮಾವನಿಗೆ ಗೊತ್ತಾಗಿರಲಿಲ್ಲ ಎಂದು ನಂಬಲು ಅವನು ತಯಾರಾಗಿದ್ದ. ಗೊತ್ತಿತ್ತು, ತಪ್ಪಾಯಿತು ಮಗಾ ಎಂದಿದ್ದರೂ ಬಹುಶಃ ನುಂಗಿಕೊಳ್ಳುತ್ತಿದ್ದ. ಆ ಮಾತು ಶೆಟ್ಟರ ಗಂಟಲ ತನಕ ಬಂದದ್ದೂ ಹೌದು. ಅಷ್ಟರಲ್ಲಿ ವ್ಯಾನಿನಿಂದ ಇಳಿದು ಓಡಿ ಬಂದ ಹನೀಫಾ ಹೊರಗಿನಿಂದ ಗಾಜಿಗೆ ಮುಖ ಒತ್ತಿ ಒಳಗೆ ನೋಡಿದ. ಶೆಟ್ಟರಿಗೆ ದಾರಿ ಸಿಕ್ಕಿತು.

"ವಾಸನೆ ಬಂದದ್ದು ಅವನಿಗೆ. ಆಗಲೇ ಬಾಯಿ ಬಿಟ್ಟು ಹೇಳಿದ್ರೆ ನಾನು ಬೇಡ ಅಂತಿದ್ದೆ. ಅವನು ಹೇಳ್ಲೇ ಇಲ್ಲ."

ಶ್ರವಣ್ ಬೆರಳಿನ ಕೆಸರನ್ನು ಕಾರ್ಪೆಟಿಗೆ ಒರೆಸಿ ಹಗ್ಗ ಹಿಡಿದ.

"ಆ ದಿನ ವಿಡಿಯೋ ಕಾಲಿನಲ್ಲಿ ನಾನೂ ಇದ್ದೆ ಮಾವ. ಹನೀಫಾ ಕಾಕ ಕೇಳಿದ್ದು ನನಗೂ ಕೇಳಿತ್ತು. ನೀವು ಹೇಳಿದ್ದೂ ಕೇಳಿತ್ತು."

ಅಷ್ಟು ಹೇಳಿ ಹಗ್ಗ ಎಳೆದ. ಬಾಗಿಲು ತೆರೆಯಿತು. ಕಾಲೇಜಿನ ಹುಡುಗರು ಚಪ್ಪಾಳೆ ತಟ್ಟಿದರು.

ಕಾರನ್ನು ತಳ್ಳಿ ಬದಿಗೆ ಹಾಕಿ, ಎಲ್ಲರೂ ಹನೀಫಾನ ವ್ಯಾನಿನಲ್ಲೇ ನಿಶ್ಚಿತಾರ್ಥದ ಹಾಲ್ ಸೇರಿದರು. ಯಾರೂ ಶೆಟ್ಟರಿಗೆ ಒಂದು ಮಾತು ಅನ್ನಲಿಲ್ಲ. ಅನ್ನದೇ ಇದ್ದದ್ದರಿಂದ, ಮಾತು ಅಲ್ಲಿಗೇ ಮುಗಿಯಿತೆಂದು ಅವರು ತಿಳಿದರು. ಮುಂದಿನ ಸಾಲಿನಲ್ಲಿ ಕೂತು ಬೆವರು ಒರೆಸಿಕೊಂಡು, ಗಾಡಿ ನಿಂತದ್ದು ಬರೀ ಬ್ಯಾಟರಿಯಿಂದ ಎಂದು ಪಕ್ಕದವರಿಗೆ ಹೇಳತೊಡಗಿದರು.

ಮುಹೂರ್ತಕ್ಕೆ ವೀಳ್ಯದ ಹರಿವಾಣ ಬಂತು. ಅದನ್ನು ಹೆಣ್ಣಿನ ಕಡೆಯವರಿಗೆ ಕೊಟ್ಟು ಸಂಬಂಧ ಗಟ್ಟಿ ಮಾಡುವುದು ಗಂಡಿನ ಸೋದರಮಾವ. "ಮಾವ ಯಾರು? ಮುಂದೆ ಬನ್ನಿ," ಎಂದರು ಭಟ್ಟರು. ಶೆಟ್ಟರು ಶಾಲು ಸರಿಮಾಡಿಕೊಂಡು ಎದ್ದರು. ಅವರು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಶ್ರವಣ್ ಹರಿವಾಣ ತೆಗೆದು ತಾಯಿಯ ಕೈಗೆ ಇಟ್ಟ.

"ಅಮ್ಮ ಕೊಡ್ತಾರೆ."

ನವ್ಯಾಳ ತಂದೆಗೆ ಅರ್ಥವಾಗಲಿಲ್ಲ. "ಅಲ್ಲ, ಮಾವ ಇದ್ದಾರಲ್ಲ?"

"ಇದ್ದಾರೆ. ಅವರಿಗೆ ಸೆಕೆಯಲ್ಲಿ ಸುಸ್ತಾಗಿದೆ, ಕೂತುಕೊಳ್ಳಲಿ," ಎಂದ ಶ್ರವಣ್, ಬಹಳ ಮರ್ಯಾದೆಯಿಂದ.

ಕಾಂತಿ ಅಣ್ಣನ ಕಡೆ ಒಮ್ಮೆಯೂ ತಿರುಗಿ ನೋಡಲಿಲ್ಲ. ಹರಿವಾಣ ಕೈಯಿಂದ ಕೈಗೆ ಹೋಯಿತು, ಎಲ್ಲರೂ ಅಕ್ಷತೆ ಹಾಕಿದರು. ನಡುಹಾಲಿನಲ್ಲಿ ನಿಂತಿದ್ದ ಮುಂಡಪ್ಪ ಶೆಟ್ಟರು ಮೆಲ್ಲಗೆ ಹಿಂದಕ್ಕೆ ತಿರುಗಿದರು. ಅವರ ಕುರ್ಚಿಯಲ್ಲಿ ಅಷ್ಟರಲ್ಲೇ ಯಾರೋ ಕೂತಿದ್ದರು.