ಎರಡು ಬೆರಳಿನ ಕಾರ್ಡ್

ಲಿಫ್ಟ್ ಮೆಕ್ಯಾನಿಕ್ ಸೋಮವಾರ ಬೆಳಿಗ್ಗೆ ಹನ್ನೊಂದೂ ಹತ್ತಕ್ಕೆ ಸತ್ತ. ಏಳು ಅಂತಸ್ತಿನ ಕಟ್ಟಡದ ತಾರಸಿಯಲ್ಲಿ, ಮೆಷಿನ್ ರೂಮಿಗೆ ಹತ್ತುವ ಕಬ್ಬಿಣದ ಏಣಿಯಿಂದ ಬಿದ್ದ. ವಯಸ್ಸು ನಲವತ್ತಾರು. ಕೈ ಜಾರಿ ಬಿದ್ದನೆಂದು ಕಂಪನಿ ನೋಟಿಸ್ ಬೋರ್ಡಿನಲ್ಲಿ ಹಾಕಿದೆ. ಸುಳ್ಳು. ಜಾರಬೇಕಾದರೆ ಕೈ ಮೊದಲು ಹಿಡಿಯಬೇಕು. ಅವನ ಎಡಗೈ ಏನನ್ನಾದರೂ ಗಟ್ಟಿಯಾಗಿ ಹಿಡಿದು ಎರಡು ವರ್ಷವಾಗಿತ್ತು. ಅದು ಕಂಪನಿಗೂ ಗೊತ್ತಿತ್ತು.

ಎರಡು ವರ್ಷದ ಹಿಂದೆ ಅವನು ರಾಟೆಗೆ ಗ್ರೀಸ್ ಹಚ್ಚುತ್ತಿದ್ದಾಗ ಕೆಳಗೆ ಯಾರೋ ಕರೆಂಟು ಹಾಕಿದರು. ಉಂಗುರಬೆರಳು, ಕಿರುಬೆರಳು ಹಗ್ಗಕ್ಕೂ ರಾಟೆಗೂ ನಡುವೆ ಹೋದವು. ಡಾಕ್ಟರು ಹೊಲಿದು ಉಳಿಸಿದರು. ಆದರೆ ಒಳಗಿನ ನರ ಹೋಗಿತ್ತು. ಬೆರಳುಗಳು ಮರದ ಸೌಟಿನ ಹಾಗೆ ನೆಟ್ಟಗೆ ನಿಂತವು, ಮಡಚಲಿಲ್ಲ. ಜೊತೆಯವರು ‘ಎರಡೂವರೆ’ ಎಂದು ಹೆಸರಿಟ್ಟರು. "ಹೆಬ್ಬೆಟ್ಟನ್ನ ಅರ್ಧ ಅಂತ ಲೆಕ್ಕ ಹಾಕಿದವನು ಯಾವನ್ರೋ? ಇರೋದ್ರಲ್ಲಿ ನಿಯತ್ತಾಗಿ ಕೆಲಸ ಮಾಡೋದು ಅದೊಂದೇ!" ಎಂದು ಅವನೂ ನಗುತ್ತಿದ್ದ.

ಉಳಿದ ಬೆರಳುಗಳಾದರೂ ಚುರುಕಾಗಿರಲಿ, ಏನಾದರೂ ವಾದ್ಯ ಹಿಡಿಯಿರಿ ಎಂದು ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವಾಕೆ ಹೇಳಿದ್ದಳು. ಅವನ ಮನೆಯ ಕೆಳಗಡೆ ಗಿಟಾರ್ ಟೀಚರಮ್ಮ ಇದ್ದರು. ಅರವತ್ತೈದು ದಾಟಿದ ಹೆಂಗಸು, ಹರೆಯದಲ್ಲಿ ಹೋಟೆಲ್ ಬ್ಯಾಂಡುಗಳಲ್ಲಿ ನುಡಿಸಿದವರು, ಬಾಯಿ ಬಲು ಜೋರು. ಮುಂದಿನ ಕೋಣೆಯಲ್ಲೇ ಪಾಠ. ಅಲ್ಲಿ ಆರು ತಿಂಗಳು ಒಂದೇ ಸಾದಾ ಕಾರ್ಡಿಗಾಗಿ, ಅಂದರೆ ಒಟ್ಟಿಗೆ ನುಡಿಯುವ ಮೂರು ಸ್ವರಗಳಿಗಾಗಿ, ಅವನು ಹೆಣಗಿದ. ಅದಕ್ಕೆ ಮೂರು ತಂತಿಗಳನ್ನು ಮೂರು ಬೆರಳು ಬೇರೆಬೇರೆ ಕಡೆ ಒತ್ತಬೇಕು. ಮೂರನೆಯ ಬೆರಳು ಎಲ್ಲಿಂದ ತರುವುದು? ಒಂದು ದಿನ ಗಿಟಾರನ್ನು ದಿವಾನದ ಮೇಲೆ ಎಸೆದ.

"ಈ ದರಿದ್ರ ಬೆರಳು!"

"ಅದನ್ನ ಬೈಬೇಡ, ಅದಕ್ಕೆ ಕಿವಿ ಇಲ್ಲ. ಇಲ್ಲಿ ಬಾ," ಎಂದರು ಟೀಚರಮ್ಮ. "ನಡುಬೆರಳು ನಾಲ್ಕನೇ ತಂತಿ ಮೇಲೆ ಇಡು. ತೋರುಬೆರಳನ್ನ ಅದರ ಹಿಂದಿನ ಮನೇಲಿ, ಈ ಎರಡು ಪಟ್ಟಿ ಮಧ್ಯೆ, ಅಡ್ಡ ಮಲಗ್ಸು, ಎರಡು ತಂತಿ ಒಟ್ಟಿಗೆ ಒತ್ತಲಿ. ಈಗ ಮೀಟು."

ಮೂರು ತಂತಿಗಳೂ ಸ್ವಚ್ಛವಾಗಿ ನುಡಿದವು. ಅವನು ಬೆಚ್ಚಿದ.

"ಇದೇನಮ್ಮಾ, ಯಾರೋ ಅರ್ಧ ಮಾತಾಡಿ ನಿಲ್ಸಿದ ಹಾಗಿದೆ?"

"ಆಗ್‌ಮೆಂಟೆಡ್ ಕಾರ್ಡ್. ನೀನು ಒದ್ದಾಡ್ತಿದ್ದ ಕಾರ್ಡೇ, ಅದರ ಒಂದು ಸ್ವರ ಅರ್ಧ ಮೆಟ್ಟಿಲು ಮೇಲಕ್ಕೆ ಹತ್ತಿದೆ, ಅಷ್ಟೆ. ಇದು ಕೂತಲ್ಲಿ ಕೂರಲ್ಲ. ಮುಂದೆಲ್ಲಿ, ಮುಂದೆಲ್ಲಿ ಅನ್ನುತ್ತೆ."

"ನನ್ನ ಥರ."

"ನಿನಗೆಲ್ಲಿ ಬರಬೇಕಪ್ಪಾ ಇದರ ನಯ!"

ಅದೇ ಹಿಡಿತವನ್ನು ನಾಲ್ಕು ಮನೆ ಮೇಲಕ್ಕೆ ಜಾರಿಸಿದರೆ ಅವೇ ಮೂರು ಸ್ವರಗಳು ಜಾಗ ಬದಲಿಸಿ ಬರುತ್ತವೆಂದು ಗೊತ್ತಾದ ದಿನ ಅವನು ಮೆಟ್ಟಿಲಲ್ಲೇ ಹೆಂಡತಿಯನ್ನು ಕೂಗಿದ: "ಪ್ರತಿ ನಾಲ್ಕನೇ ಮಹಡೀಲೂ ಅದೇ ಬಾಗಿಲು ಕಣೇ!"

ಶಾಲೆಯ ಸಭಾಂಗಣದಲ್ಲಿ ಟೀಚರಮ್ಮನ ಶಿಷ್ಯರ ಕಾರ್ಯಕ್ರಮ ನಡೆಯಿತು. ಒಂದು ಹಾಡಿನಲ್ಲಿ ನಾಲ್ಕು ಕಡೆ, ಪ್ರತಿ ಸಲ ಬೇರೆ ಮನೆಯಲ್ಲಿ, ಈ ಕಾರ್ಡ್ ಬರುತ್ತಿತ್ತು; ಆ ನಾಲ್ಕು ಅವನ ಪಾಲು. ಉಳಿದ ಹೊತ್ತೆಲ್ಲ ತಾಳ ಎಣಿಸುತ್ತ ಕುಳಿತಿದ್ದ. ಹೆಂಡತಿ ಅವನು ನುಡಿಸಿದಾಗ ಮಾತ್ರ ಫೋನಿನಲ್ಲಿ ವಿಡಿಯೊ ತೆಗೆದಳು. ಸುಮ್ಮನೆ ಕೂತವನನ್ನು ಯಾರು ತೆಗೆಯುತ್ತಾರೆ? ನಾಲ್ಕು ತುಣುಕು ಜೋಡಿಸಿದಾಗ ಅವನ ಕೈ ಗಿಟಾರಿನ ಕತ್ತಿನ ಉದ್ದಕ್ಕೂ ಮಿಂಚಿನಂತೆ ಓಡಿತು. ಅವಳ ತಮ್ಮ ಅದೇ ಕಂಪನಿಯ ಆಫೀಸಿನಲ್ಲಿ ಗುಮಾಸ್ತ. ನಮ್ಮ ಭಾವನ ಕೈ ನೋಡಿ ಸಾರ್ ಎಂದು ಸಾಹೇಬರಿಗೆ ಅದನ್ನು ಹೆಮ್ಮೆಯಿಂದ ತೋರಿಸಿದ.

ಏಣಿ ಹಿಡಿಯಲಾಗುವುದಿಲ್ಲ, ಕೆಳಗೆ ರಿಪೇರಿ ಮೇಜಿನ ಕೆಲಸ ಕೊಡಿ ಎಂದು ಅವನು ಬರೆದ ಅರ್ಜಿ ಆಗ ಆ ಸಾಹೇಬರ ಮುಂದೆಯೇ ಇತ್ತು.

ವಿಚಾರಣೆಗೆ ಕರೆದರು. ಸಾಹೇಬರು, ಕಂಪನಿಯ ಡಾಕ್ಟರು, ಬರೆದುಕೊಳ್ಳಲು ಒಬ್ಬಾಕೆ. ವಿಡಿಯೊ ಹಾಕಿದರು. "ಇದು ಯಾರ ಕೈಯಪ್ಪಾ?" ಅವನು ಬಾಯಲ್ಲಿ ಹೇಳಿ ಸೋತ. ಮರುದಿನ ಗಿಟಾರನ್ನೇ ಹೊತ್ತುಕೊಂಡು ಹೋದ.

"ನೋಡಿ ಸಾರ್, ಇದು ಸಾದಾ ಕಾರ್ಡ್. ಮೂರು ಬೆರಳು ಬೇಕು." ಉಂಗುರಬೆರಳು ಗಾಳಿಯಲ್ಲೇ ನಿಂತಿತು. ಬರಬಾರದ ಸ್ವರವೊಂದು ಟೊಣ್ಣೆಂದಿತು. "ಬರಲಿಲ್ಲ, ಕೇಳಿದ್ರಲ್ಲಾ? ಇದು ಎರಡು ಬೆರಳಿಂದು." ಮೀಟಿದ. ಮೂರು ಸ್ವರಗಳೂ ಕೋಣೆ ತುಂಬಿದವು.

ಡಾಕ್ಟರು ಸಾಹೇಬರ ಮುಖ ನೋಡಿದರು. "ನನಗೇನೋ ಎರಡೂ ಒಂದೇ ಥರ ಕೇಳಿಸ್ತು."

"ಮತ್ತೆ ನುಡಿಸ್ತೀನಿ ಸಾರ್."

"ಬೇಡ ಬಿಡಪ್ಪಾ, ಚೆನ್ನಾಗೇ ನುಡಿಸ್ತೀಯ," ಎಂದರು ಸಾಹೇಬರು.

‘ಬೆರಳುಗಳ ಚಲನೆ ತೃಪ್ತಿಕರ. ಎತ್ತರದ ಕೆಲಸಕ್ಕೆ ಅರ್ಹ.’ ಆಕೆ ಬರೆದುಕೊಂಡಳು, ಡಾಕ್ಟರು ಸಹಿ ಹಾಕಿದರು. ಆ ಡಾಕ್ಟರು ಅವನ ಕೈಯನ್ನು ಒಮ್ಮೆಯಾದರೂ ಮುಟ್ಟಿ ನೋಡಲಿಲ್ಲ. ಈ ಪೆನ್ನು ಹಿಡಿ, ಈ ಕುರ್ಚಿ ಎತ್ತು ಎನ್ನಲಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರಿಗೂ ಒಂದು ಎತ್ತಾದರೂ ಬೇಕು. ಇವರಿಗೆ ನಲವತ್ತು ಸೆಕೆಂಡಿನ ವಿಡಿಯೊ ಸಾಕಾಯಿತು.

"ಕೋಣನ ಮುಂದೆ ಕಿನ್ನರಿ ಬಾರಿಸೋಕೆ ಹೋಗಿದ್ಯಲ್ಲೋ," ಎಂದು ಟೀಚರಮ್ಮ ಕಣ್ಣೊರೆಸಿಕೊಂಡರು. ಭಾಮೈದ ಬಂದು ಬಾಗಿಲಲ್ಲೇ ನಿಂತ. "ಭಾವಾ, ನಾನು ಒಳ್ಳೇದಕ್ಕೇ..." ಮೆಕ್ಯಾನಿಕ್ ಅವನನ್ನು ಬೈಯಲಿಲ್ಲ, ಒಳಗೆ ಬಾ ಎಂದೂ ಅನ್ನಲಿಲ್ಲ. ಹೆಂಡತಿ ಗಿಟಾರನ್ನು ಅಟ್ಟಕ್ಕೆ ಹಾಕಲು ಹೊರಟಾಗ ಮಾತ್ರ ಅವನು ಸಿಡಿದ. "ಎರಡು ಬೆರಳು ಅವರು ತಗೊಂಡ್ರು. ಉಳಿದ ಎರಡನ್ನ ನಾನಾಗೇ ತಗೊಂಡು ಹೋಗಿ ಕೊಡ್ಲೇನೇ? ಇಡು ಕೆಳಗೆ!" ಅಂದು ಸಂಜೆಯೂ ಪಾಠಕ್ಕೆ ಇಳಿದ.

ಆಮೇಲೆ ಎರಡು ಸಲ ಅವನನ್ನು ಏಣಿಯ ಕೆಲಸಕ್ಕೆ ಕಳಿಸಿದರು, ಎರಡು ಸಲವೂ ಆಗಲ್ಲ ಎಂದ. ಎರಡಕ್ಕೂ ಎಚ್ಚರಿಕೆ ಪತ್ರ ಬಂತು. ಸೋಮವಾರ ಮೂರನೆಯದು. ಜೊತೆಯವನನ್ನು ಕಳಿಸಿ ಎಂದು ಸೂಪರ್‌ವೈಸರಿಗೆ ಫೋನ್ ಮಾಡಿದ.

"ಜೊತೆಗ್ಯಾರೂ ಇಲ್ಲ. ಮೂರನೇ ಸಲ ಆಗಲ್ಲ ಅಂದ್ರೆ ನಾಳೆಯಿಂದ ಬರೋದೇ ಬೇಡ. ಗಿಟಾರ್ ಬಾರಿಸೋಕಾಗುತ್ತೆ, ಏಣಿ ಹತ್ತೋಕಾಗಲ್ವಾ?"

ಫೋನು ಜೇಬಿಗಿಟ್ಟ. ತಾರಸಿಯ ಗೋಡೆಗೆ ಒರಗಿದ. ಕೀ ತಂದಿದ್ದ ಕಟ್ಟಡದ ಕಾವಲುಗಾರ ಬೀಡಿ ನೀಡಿದ, ಬೇಡವೆಂದ. ಕೆಲಸದ ಹಾಳೆ ತೆಗೆದ. ಕೆಲಸಗಾರನ ಸ್ಥಿತಿ ಎಂಬಲ್ಲಿ ಆಫೀಸಿನವರು ಮೊದಲೇ ‘ಅರ್ಹ’ ಎಂದು ಟೈಪ್ ಮಾಡಿದ್ದರು. ಅದನ್ನು ಹೊಡೆದುಹಾಕಿ, ಹಾಳೆ ಹರಿಯುವಷ್ಟು ಒತ್ತಿ ಬರೆದ: ‘ಎಡಗೈಗೆ ಹಿಡಿತ ಇಲ್ಲ. ಹೇಳಿದ್ದೇನೆ. ತೋರಿಸಿದ್ದೇನೆ.’ ಸಹಿ ಹಾಕಿ, ಗಂಟೆಯನ್ನೂ ಬರೆದು, ಕಾವಲುಗಾರನ ಕೈಗಿಟ್ಟ.

"ಇದು ನಿಮ್ಮ ಹತ್ರ ಇರಲಿ ಅಣ್ಣಾ. ಕಂಪನಿಯವರು ಬಂದು ಕೇಳಿದ್ರೂ ಕೊಡಬೇಡಿ," ಎಂದು ಹೇಳಿ, ಬಲಗೈಯಿಂದ ಮೊದಲ ಮೆಟ್ಟಿಲು ಹಿಡಿದ.