ತಂಗಿಯ ಮಗಳ ಅರ್ಜಿ

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹೆಣ್ಣುಮಗಳು ನಾನು. ಬಸವನ ಬಾಗೇವಾಡಿಯ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುತ್ತೇನೆ. ಬಳಗದಲ್ಲಿ ಯಾರ ಮಕ್ಕಳು ಎಸ್ಸೆಸ್ಸೆಲ್ಸಿ ಪಾಸಾದರೂ ಮುಂದೇನು ಎಂದು ನನ್ನನ್ನೇ ಕೇಳುತ್ತಾರೆ. ಹಾಗೆ ಕೇಳಿಸಿಕೊಳ್ಳುವುದು ನನಗೆ ಹಿತವಾಗಿತ್ತು.

ಗೊಳಸಂಗಿಯ ತಂಗಿ ತನ್ನ ಮಗಳನ್ನು ಪಿಯುಸಿಗೆಂದು ನನ್ನ ಮನೆಯಲ್ಲಿ ಬಿಟ್ಟಳು. ಮೊದಲ ವರ್ಷವೇ ನಾನು ಒಂದು ಹಾಳೆ ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿದೆ. ಯಾವ ತಿಂಗಳು ಜಾತಿ-ಆದಾಯ ಪ್ರಮಾಣಪತ್ರ ಮಾಡಿಸಬೇಕು, ಯಾವಾಗ ಗ್ರಾಮೀಣ ವ್ಯಾಸಂಗದ್ದು, ಯಾವಾಗ ಸಿಇಟಿ ಅರ್ಜಿ, ಎಲ್ಲ ಅದರಲ್ಲಿತ್ತು. ಹುಡುಗಿ ಕೆಳಗೆ ಪೆನ್ಸಿಲಿನಲ್ಲಿ ತಾನೊಂದು ಸಾಲು ಸೇರಿಸಿದಳು: ಕೃಷಿಕರ ಕೋಟಾ, ಅಪ್ಪನ ಸರ್ಟಿಫಿಕೇಟ್.

"ನಾ ಬಿಎಸ್ಸಿ ಅಗ್ರಿ ಮಾಡ್ತೇನಿ ದೊಡ್ಡವ್ವ. ರೈತರ ಮಕ್ಕಳಿಗೆ ಬ್ಯಾರೆ ಸೀಟ್ ಅದಾವ. ಒಂದು ಪ್ರಾಕ್ಟಿಕಲ್ ಪರೀಕ್ಷೆ ಇರತೈತಿ. ಬೀಜ, ಕಾಳು, ಹೊಲದಾಗಿನ ಕಸ ಗುರುತಿಸಬೇಕು. ಅದೆಲ್ಲಾ ನನಗ ಬರತೈತಿ."

"ನೋಡೂಣು," ಅಂದೆ. ಮನಸ್ಸಿನಲ್ಲಿ ಒಪ್ಪಿಗೆ ಇರಲಿಲ್ಲ. ಹೊಲದ ಕಳೆ ಕಿತ್ತು ಶಾಲೆಗೆ ಬಂದು, ಮಣ್ಣು ಕೂತ ಉಗುರುಗಳನ್ನು ಬೆಂಚಿನ ಕೆಳಗೆ ಮುಚ್ಚಿಟ್ಟುಕೊಳ್ಳುತ್ತಿದ್ದವಳು ನಾನು. ನಮ್ಮ ಹುಡುಗಿ ಇಂಜಿನಿಯರ್ ಆಗಬೇಕು, ಮತ್ತೆ ಹೊಲಕ್ಕೆ ಇಳಿಯಬಾರದು ಎಂದು ನನ್ನಷ್ಟಕ್ಕೆ ತೀರ್ಮಾನ ಮಾಡಿದ್ದೆ. ಅವಳಿಗೆ ಹೇಳಿರಲಿಲ್ಲ.

ಅವಳ ಅಪ್ಪ ಆ ಪ್ರಮಾಣಪತ್ರಕ್ಕಾಗಿ ಮೂರು ಸಲ ತಹಶೀಲ್ದಾರ್ ಕಚೇರಿಗೆ ಅಲೆದರು. ಕೊನೆಗೆ ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದು, ಶಾಲೆಯಲ್ಲಿ ನನ್ನ ಕೈಗಿತ್ತು, ಚಹಾಕ್ಕೂ ನಿಲ್ಲದೆ ಬಸ್ಸಿಗೆ ಹೋದರು.

ಅರ್ಜಿ ತುಂಬುವ ದಿನ ಹುಡುಗಿಗೆ ಕಾಲೇಜಿನಲ್ಲಿ ಪರೀಕ್ಷೆಯಿತ್ತು. ನಾನೊಬ್ಬಳೇ ಕಂಪ್ಯೂಟರ್ ಅಂಗಡಿಗೆ ಹೋದೆ. ಅಂಗಡಿಯವರು ಒಂದೊಂದೇ ಕೇಳುತ್ತ ಬಂದರು.

"ಕೃಷಿಕರ ಕೋಟಾ ಹಾಕೂದೇನ್ರಿ ಟೀಚರ್?"

ಕಾಗದ ನನ್ನ ಬ್ಯಾಗಿನಲ್ಲೇ ಇತ್ತು. "ಬ್ಯಾಡ್ರಿ," ಅಂದೆ.

ಆಮೇಲೆ ಸಿಇಟಿಯವರು ಅರ್ಜಿಯ ತಿದ್ದುಪಡಿಗೆಂದು ಕೆಲವು ದಿನ ಕೊಟ್ಟರು. ಆಗಲೂ ಸುಮ್ಮನಿದ್ದೆ.

ತನ್ನ ಗೆಳತಿಗೆ ಪ್ರಾಕ್ಟಿಕಲ್ ಪರೀಕ್ಷೆಯ ಹಾಲ್ ಟಿಕೆಟ್ ಬಂದ ದಿನ ಹುಡುಗಿ ಓಡುತ್ತ ಮನೆಗೆ ಬಂದಳು. "ನಂದ್ಯಾಕ ಬಂದಿಲ್ಲ ದೊಡ್ಡವ್ವ?"

ನಿಜ ಹೇಳಬೇಕೆಂದೇ ಬಾಯಿ ತೆರೆದೆ. ಬಂದದ್ದು ಬೇರೆ ಮಾತು. "ನಿಮ್ಮಪ್ಪ ಕಾಗದ ತರೂದು ತಡಾ ಮಾಡಿದ್ರು. ಅಷ್ಟೊತ್ತಿಗೆ ಅರ್ಜಿ ಹಾಕೂದು ಮುಗಿದಿತ್ತು."

ಆ ಭಾನುವಾರ ಅವಳ ಅಪ್ಪ ಬಂದರು. ಚಪ್ಪಲಿ ಹೊರಗೆ ಬಿಟ್ಟು, ಗೋಡೆಗೆ ಆನಿಕೊಂಡು ಕೂತರು. "ತಪ್ಪಾತ್ರಿ ಅಕ್ಕಾರ. ಉಳ್ಳಾಗಡ್ಡಿ ಕೀಳೂದಿತ್ತು. ಎರಡು ದಿನ ಮೊದಲ ತರಬೇಕಾಗಿತ್ತು ನಾ."

ನಾನು ಚಹಾ ಸೋಸಿ ಅವರ ಕೈಗೆ ಕೊಟ್ಟೆ. "ಇರಲಿ ಬಿಡ್ರಿ," ಅಂದೆ, ಕ್ಷಮಿಸಿದವಳ ಹಾಗೆ. ಹುಡುಗಿ ಒಳಗಿನ ಕೋಣೆಯಿಂದ ಹೊರಗೆ ಬರಲಿಲ್ಲ. ಅಪ್ಪ ಎರಡು ಸಲ ಕರೆದು, ಬಾಗಿಲ ತನಕ ಹೋಗಿ, ತಿರುಗಿ ಬಂದು ಚಪ್ಪಲಿ ಮೆಟ್ಟಿಕೊಂಡರು.

ಎರಡು ದಿನ ನನಗೆ ಪಾಠ ಮಾಡಲಾಗಲಿಲ್ಲ. ಮೂರನೆಯ ದಿನ ಸಂಜೆ, ಬಟ್ಟೆ ಮಡಚುತ್ತಿದ್ದ ಹುಡುಗಿಯ ಮುಂದೆ ಕೂತು ಎಲ್ಲ ಹೇಳಿದೆ. ಅವಳು ಕೈಯಲ್ಲಿದ್ದ ಟವೆಲ್ಲನ್ನು ಮತ್ತೆ ಬಿಚ್ಚಿ ಮತ್ತೆ ಮಡಚಿದಳು.

"ನಾ ಅಪ್ಪನ ಕೂಡ ಮಾತು ಬಿಟ್ಟೇನಿ," ಅಂದಳು. "ಅವಗ ನೀನ ಹೋಗಿ ಹೇಳು."

ಮರುದಿನ ಬೆಳಿಗ್ಗೆ ಇಬ್ಬರೂ ಗೊಳಸಂಗಿಗೆ ಹೋದೆವು. ಅವರು ಹೊಲದಲ್ಲಿದ್ದರು. ಬದುವಿನ ಮೇಲೆ ನಿಂತೇ ಹೇಳಿದೆ: "ನೀವು ಹೊತ್ತಿಗೆ ಸರಿಯಾಗಿ ತಂದಿದ್ರಿ. ನಾನ ಬೇಕಂತ ಅದನ್ನ ಅರ್ಜಿಗೆ ಹಚ್ಚಲಿಲ್ಲ. ಆಮ್ಯಾಲೆ ಸುಳ್ಳು ಹೇಳಿದೆ."

ಅವರು ಮಗಳ ಕಡೆ ನೋಡಿದರು.

"ಕಡೀ ತಾರೀಖಿಗೆ ಇನ್ನೂ ದಿನಾ ಇದ್ದೂವು ಅಂತ ನನಗ ನೆನಪಿತ್ರಿ," ಅಂದರು. "ಆದರ ಕಲಿತವರು ನೀವು ಹೇಳಿದ ಮ್ಯಾಲೆ, ನಂದ ತಪ್ಪಿರಬೇಕು ಅಂದ್ಕೊಂಡೆ."

ಅಷ್ಟು ಹೇಳಿ ಮಗಳ ಕೈಯಿಂದ ಚೀಲ ತೆಗೆದುಕೊಂಡು ಮನೆಯ ಕಡೆ ನಡೆದರು. ಅವಳು ಅವರ ಹಿಂದೆಯೇ ಹೋದಳು.

ಆ ವರ್ಷ ಅವಳು ವಿಜಯಪುರದಲ್ಲಿ ಸಾದಾ ಬಿಎಸ್ಸಿಗೆ ಸೇರಿದಳು. ಮುಂದಿನ ವರ್ಷ ಮತ್ತೆ ಸಿಇಟಿ ಬರೆದಳು. ಅರ್ಜಿ ತಾನೇ ತುಂಬಿದಳು. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಪ್ರಾಕ್ಟಿಕಲ್ ಪರೀಕ್ಷೆಗೆ ಅಪ್ಪನೇ ಕರೆದುಕೊಂಡು ಹೋದರು. ಈಗ ಕೃಷಿ ಕಾಲೇಜಿನಲ್ಲಿ ಎರಡನೆಯ ವರ್ಷ. ರಜೆಗೆ ಬಂದಾಗ ನನ್ನಲ್ಲಿಗೂ ಬರುತ್ತಾಳೆ, ಉಣ್ಣುತ್ತಾಳೆ, ಹಾಸ್ಟೆಲಿನ ಸುದ್ದಿ ಹೇಳುತ್ತಾಳೆ. ಓದಿನ ವಿಷಯ ಮಾತ್ರ ತೆಗೆಯುವುದಿಲ್ಲ.

ಅಪ್ಪ-ಮಗಳು ನನ್ನ ತಂಗಿಗೆ ಏನೂ ಹೇಳಿಲ್ಲ. ಹೋದ ತಿಂಗಳು ಸಂಬಂಧಿಕರ ಮನೆಯ ಬಸುರಿ ಸೊಸೆಯ ಕುಬಸದಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದೆವು. ತಂಗಿ ಯಾರಿಗೋ ಹೇಳುತ್ತಿದ್ದಳು: "ನಮ್ಮಕ್ಕ ಎಲ್ಲಾ ತಯಾರಿ ಮಾಡಿಟ್ಟಿದ್ಲು. ಇವರು ಕಾಗದ ತರೂದು ತಡಾ ಮಾಡಿ ಒಂದು ವರ್ಷ ಹಾಳಾತು."

ಅವಳ ಗಂಡ ತಲೆ ಎತ್ತದೆ ರೊಟ್ಟಿ ಮುರಿದರು. ನಾನು ಅವರ ಎದುರಿನ ಸಾಲಿನಲ್ಲೇ ಇದ್ದೆ. ಆಗಲೂ ಬಾಯಿ ಬಿಡಲಿಲ್ಲ.