ಭೀಮೆಯ ಕೆಸರಿನಲ್ಲಿ ನಿಂತ ಎತ್ತು

ನಾನು ಚಿಕ್ಕವನಿದ್ದಾಗ ಅಗರಖೇಡದ ನಮ್ಮ ಮನೆಯಲ್ಲಿ ಒಂದು ಬಿಳಿ ಎತ್ತು ಇತ್ತು. ಅದು ಹುಟ್ಟಿದ ಸ್ವಲ್ಪ ದಿನಕ್ಕೇ ತಾಯಿ ಸತ್ತಿದ್ದರಿಂದ, ಅಕ್ಕನೇ ಬಟ್ಟೆಯನ್ನು ಹಾಲಿನಲ್ಲಿ ಅದ್ದಿ ಚೀಪಿಸಿ ಅದನ್ನು ಬೆಳೆಸಿದ್ದಳು.

ಮಳೆಗಾಲದ ಒಂದು ಮಧ್ಯಾಹ್ನ ಅದು ನೀರು ಕುಡಿಯಲು ಭೀಮಾ ನದಿಯ ದಂಡೆಗಿಳಿದು, ಹೊಟ್ಟೆಯವರೆಗೆ ಕೆಸರಿನಲ್ಲಿ ಹೂತುಹೋಯಿತು. ಒದ್ದಾಡಿದಷ್ಟೂ ಕೆಳಗಿಳಿಯಿತು. ಅಪ್ಪ, ನೆರೆಮನೆಯ ಚಾಚಾ, ಹೊಲದಲ್ಲಿದ್ದ ಮಂದಿ ಎಲ್ಲರೂ ಓಡಿಬಂದರು. ಅಪ್ಪ ಕೆಸರಿಗಿಳಿದು ಅದರ ಎದೆಗೆ ಹಗ್ಗ ಸುತ್ತಿದ. ಎಲ್ಲರೂ ಸಾಲಾಗಿ ನಿಂತು ಜಗ್ಗಿದೆವು.

ಅಕ್ಕನ ಹಿಂದೆ ನಾನೂ ಹಗ್ಗ ಹಿಡಿದಿದ್ದೆ. ಒರಟು ನಾರು ಅಂಗೈ ಸುಡುತ್ತಿತ್ತು. ಕೊಳೆತ ಎಲೆಯಂಥ ಕೆಸರಿನ ವಾಸನೆ ಮೂಗಿಗೆ ಅಡರುತ್ತಿತ್ತು. ಹಗ್ಗ ಬಿಗಿದು ತಂತಿಯಂತಾದರೂ ಎತ್ತು ಕದಲಲಿಲ್ಲ. ಯಾರೂ ಸರಿಯಾಗಿ ಜಗ್ಗುತ್ತಿಲ್ಲವೆಂದು ನನಗೆ ಸಿಟ್ಟು ಬಂತು. ಅಪ್ಪನಿಗೆ ಹಾಗೆಯೇ ಅಂದೆ.

"ಎಲ್ಲಾರೂ ಜಗ್ಗಾಕತ್ತಾರಪಾ," ಅಂದ ಅಪ್ಪ. "ನಾವು ಎಷ್ಟು ಮ್ಯಾಲ ಜಗ್ತೇವಿ, ಅದರ ಭಾರ, ಈ ಕೆಸರು ಕೂಡಿ ಅಷ್ಟ ಕೆಳಗ ಜಗ್ಗತಾವ. ಅದಕ್ಕ ನಿಂತಲ್ಲೇ ನಿಂತೈತಿ."

ಒಬ್ಬರು ಬೆವರು ಒರೆಸಲು ಕೈಬಿಟ್ಟರೂ ಎತ್ತು ತುಸು ಇಳಿಯುತ್ತಿತ್ತು. ಅದು ಇದ್ದಲ್ಲಿಯೇ ಇರಬೇಕೆಂದರೂ ನಾವು ಉಸಿರು ಬಿಗಿಹಿಡಿದು ಜಗ್ಗುತ್ತಲೇ ಇರಬೇಕಿತ್ತು. ಬೇರೆ ಎತ್ತುಗಳನ್ನು ತಂದು ಹೂಡಿದರೆ ಆ ಇಳಿಜಾರಿನಲ್ಲಿ ಅವುಗಳ ಕಾಲೂ ಜಾರಿದವು.

ಸಂಜೆಗೆ ಹೊಳೆ ಏರತೊಡಗಿತು. ನೀರು ನಮ್ಮ ಕಾಲ ಕೆಳಗಿನ ಮಣ್ಣನ್ನೂ ಕೊರೆಯಿತು. ಮುಂದಿದ್ದ ಚಾಚಾ ಜಾರಿ ಸೊಂಟದವರೆಗೆ ಕೆಸರಿಗೆ ಹೋದರು. ಅವರನ್ನು ಹೇಗೋ ಎಳೆದು ದಂಡೆಗೆ ಹಾಕಿದರು. ಅಪ್ಪ ಎತ್ತಿನತ್ತ ನೋಡಿದ. ನೀರು ಅದರ ಕೊರಳಿಗೆ ಬಂದಿತ್ತು.

"ಬಿಡ್ರಿ," ಅಂದ. "ಮನಶ್ಯಾರು ಹೋಗೂದು ಬ್ಯಾಡ."

ಒಬ್ಬೊಬ್ಬರಾಗಿ ಕೈಬಿಟ್ಟರು. ನಾನೂ ಬಿಟ್ಟೆ. ಅಕ್ಕ ಬಿಡಲಿಲ್ಲ.

"ನಾ ಬಿಟ್ರ ಅದು ಮುಳಗತೈತಿ, ಅಪ್ಪಾ," ಅಂದಳು.

ಅಪ್ಪ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಹಗ್ಗ ಸರಸರನೆ ನೀರೊಳಗೆ ಹೋಯಿತು. ಎತ್ತು ಒಮ್ಮೆಯೂ ಕೂಗಲಿಲ್ಲ. ಆಮೇಲೆ ಬಹಳ ದಿನ ಅಕ್ಕ ಅಪ್ಪನ ಜೊತೆ ಮಾತಾಡಲಿಲ್ಲ. ಅಪ್ಪನೂ ಅವಳನ್ನು ಮಾತಾಡಿಸಲಿಲ್ಲ.

ಮಕ್ಕಳೇ, ನಿನ್ನೆ ನೀವು ಶಾಲೆಯ ಪಾಠಕ್ಕೆಂದು ಪೆಟ್ಟಿಗೆಯೊಂದರ ಎರಡೂ ಬದಿಗೆ ಸಮನಾದ ಎದುರುಬದುರು ಬಾಣ ಬರೆದು, ಬಲಗಳು ಸಮವಾದ್ದರಿಂದ ನಿಂತ ಪೆಟ್ಟಿಗೆ ಚಲಿಸುವುದಿಲ್ಲ ಎಂದು ಓದುತ್ತಿದ್ದಿರಿ. ನೀವು ಓದಿದ್ದು ಸರಿ, ನಮ್ಮ ಎತ್ತೂ ಅಂದು ಹಾಗೆಯೇ ನಿಂತಿತ್ತು. ಈಗ ದನ ಕೆಸರಿಗೆ ಬಿದ್ದರೆ ಒಂದು ಫೋನು ಸಾಕು, ಮಣ್ಣು ತೋಡುವ ಯಂತ್ರ ಬಂದು ಎತ್ತಿಬಿಡುತ್ತದೆ. ನಮಗೆ ಇದ್ದದ್ದು ಕೈಗಳಷ್ಟೇ. ಅವು ಎತ್ತನ್ನು ಸಂಜೆಯವರೆಗೆ ಹಿಡಿದು ನಿಲ್ಲಿಸಿದವು. ಮೇಲೆತ್ತಲು ಸಾಲಲಿಲ್ಲ.